ಐಸಿ ಬಿಸಿ, ಮೋಟಾರ್ ತಾನೇ ಆನ್: ಚಿಕ್ಕಬಳ್ಳಾಪುರ ರಿಪೇರಿ ಗುಂಪಿನ ಪ್ರಶ್ನೋತ್ತರ

ಚಿಂತಾಮಣಿ ರೈತ: ನಮಸ್ಕಾರ ಸರ್. ಅಕ್ಕನ ಮಗ ಪಾಲಿಟೆಕ್ನಿಕ್ ಓದುತ್ತಿದ್ದಾನೆ. ಟ್ಯಾಂಕಿನ ನೀರು ನೋಡಿಕೊಂಡು ಮೋಟಾರ್ ಆನ್ ಆಫ್ ಮಾಡೋ ಬೋರ್ಡ್ ಮಾಡಿಕೊಟ್ಟ. 4011 ಐಸಿ, 12 ವೋಲ್ಟ್. ಟ್ಯಾಂಕಿನಿಂದ ವೈರು 60 ಅಡಿ. ಎರಡು ವಾರ ಚೆನ್ನಾಗಿತ್ತು. ಈಗ ಬೋರ್ಡ್ ಹತ್ತಿರ ಕೈ ತಂದರೆ ಸಾಕು, ರಿಲೇ ಟಕಟಕ ಅನ್ನುತ್ತೆ. ಐಸಿ ಬಿಸಿ. ನಿನ್ನೆ ರಾತ್ರಿ ಯಾರೂ ಮುಟ್ಟದೆ ಮೋಟಾರ್ ಆನ್ ಆಯಿತು.

ಗೌರಿಬಿದನೂರು: ಸರ್, ಕಂಪ್ಯೂಟರ್ ಆಫ್ ಮಾಡಿದರೆ ಟೈಮು, ತಾರೀಕು ಹೋಗುತ್ತೆ.

ರಿಪೇರಿ ಸರ್: ಗೌರಿಬಿದನೂರು, ಒಳಗಿನ ಬೋರ್ಡಿನ ಬಿಲ್ಲೆ ಸೆಲ್ ಸಿಆರ್2032 ಬದಲಿಸಿ.

ಚಿಂತಾಮಣಿ ಅಣ್ಣ, ಮೊದಲು ಮೋಟಾರ್ ಎಂಸಿಬಿ (ಮೇನ್ ಸ್ವಿಚ್) ಇಳಿಸಿ, ಆಮೇಲೆ ಓದಿ. ಯಾರಾದರೂ ಪಂಪ್ ಹತ್ತಿರ ಕೈ ಇಟ್ಟಿದ್ದಾಗ ಹೀಗೆ ಆನ್ ಆದರೆ ಏನು ಗತಿ? ನನಗೆ ಆ ಭಯವೇ ಜಾಸ್ತಿ.

4011 ಸಿಮಾಸ್ ಐಸಿ. ಒಳಗೆ ಎರಡು ಥರದ ಟ್ರಾನ್ಸಿಸ್ಟರ್ ಜೋಡಿ ಜೋಡಿಯಾಗಿವೆ. ಪಿ ಥರದ್ದು ಪ್ಲಸ್ ಕಡೆ, ಎನ್ ಥರದ್ದು ಗ್ರೌಂಡ್ ಕಡೆ. ಬಕೆಟ್‌ಗೆ ನೀರು ಬಿಡಲು ಮೇಲೊಂದು ನಲ್ಲಿ, ಖಾಲಿ ಮಾಡಲು ಕೆಳಗೊಂದು ನಲ್ಲಿ, ಎರಡಕ್ಕೂ ಒಂದೇ ಹಿಡಿ ಅಂದುಕೊಳ್ಳಿ. ಆ ಹಿಡಿಯೇ ಇನ್‌ಪುಟ್ ಪಿನ್. ಒಂದು ತೆರೆದರೆ ಇನ್ನೊಂದು ಮುಚ್ಚುತ್ತೆ. ಹಾಗಾಗಿ ಸುಮ್ನೆ ಕೂತಾಗ ಕರೆಂಟ್ ಹೆಚ್ಚುಕಮ್ಮಿ ಹರಿಯುವುದೇ ಇಲ್ಲ. 1963ರಲ್ಲಿ ಫ್ರಾಂಕ್ ವಾನ್ಲಾಸ್ ಈ ಜೋಡಿ ಕಟ್ಟಿದಾಗಿನಿಂದ ಇದರ ದೊಡ್ಡ ಗುಣ ಅದೇ.

ಆದರೆ ಹಿಡಿ ನಡುವೆ ನಿಂತರೆ? ಎರಡೂ ನಲ್ಲಿ ಅರ್ಧರ್ಧ ತೆರೆದು, ಪ್ಲಸ್‌ನಿಂದ ಗ್ರೌಂಡ್‌ಗೆ ನೇರ ಹರಿಯುತ್ತೆ. ಐಸಿ ಬಿಸಿಯಾಗುವುದು ಅದಕ್ಕೇ. ಇನ್‌ಪುಟ್ ಪಿನ್ ಎಲ್ಲಿಗೂ ಸೇರದೆ ಬಿಟ್ಟಿದ್ದರೆ ಹೀಗಾಗುತ್ತೆ. ಟ್ಯಾಂಕಲ್ಲಿ ನೀರು ಇಳಿದಾಗ ನಿಮ್ಮ ತಂತಿಯ ತುದಿ ಗಾಳಿಯಲ್ಲಿ ನೇತಾಡುತ್ತೆ, ಅಲ್ವಾ? ಆಗ 60 ಅಡಿ ವೈರು ಆಂಟೆನಾ ಥರ ಮನೆ ಲೈನಿನ 50 ಹರ್ಟ್ಜ್ ಏರಿಳಿತ ಹಿಡಿದು ತರುತ್ತೆ. ನಿಮ್ಮ ಕೈ ತಂದರೂ ಅದೇ ಕಥೆ. ಟ್ಯಾಂಕ್ ತುಂಬಿದ್ದಷ್ಟು ದಿನ ತೊಂದರೆ ಕಂಡಿಲ್ಲ, ಅಷ್ಟೇ.

ಟ್ಯಾಂಕಿನ ಕಾಮನ್ ತಂತಿ ಪ್ಲಸ್‌ಗೆ ಹೋಗಿದ್ದರೆ, ಪ್ರತಿ ಇನ್‌ಪುಟ್‌ನಿಂದ ಗ್ರೌಂಡ್‌ಗೆ 470 ಕೆ (ಕಿಲೋ ಓಮ್) ರೆಸಿಸ್ಟರ್ ಹಾಕಿಸಿ. ತಂತಿ ಗಾಳಿಯಲ್ಲಿದ್ದರೂ ಪಿನ್ ನಡುವೆ ನಿಲ್ಲದೆ ಗ್ರೌಂಡ್ ಕಡೆಗೇ ಇರುತ್ತೆ. ವೈರಿಗೂ ಪಿನ್ನಿಗೂ ನಡುವೆ 10 ಕೆ. ಐಸಿ ಒಳಗಿನ ಬಳಸದ ಗೇಟುಗಳ (ಬೇರೆ ಬೇರೆ ಭಾಗಗಳ) ಇನ್‌ಪುಟ್ ಎಲ್ಲಾ 7ನೇ ಪಿನ್‌ಗೆ, ಅಂದರೆ ಗ್ರೌಂಡ್‌ಗೆ, ಸೇರಿಸಿ, ಔಟ್‌ಪುಟ್ ಹಾಗೇ ಬಿಡಿ. ಅಕ್ಕನ ಮಗನಿಗೆ ಬೈಯಬೇಡಿ, ಎಲ್ಲರೂ ಮಾಡೋ ತಪ್ಪಿದು.

ಬಾಗೇಪಲ್ಲಿ: ಫಾರ್ವರ್ಡ್ ಬಂದಿದೆ: "ಐಸಿ ಹಾಳಾಗಬಾರದೆಂದರೆ ಥರ್ಮಾಕೋಲ್‌ಗೆ ಚುಚ್ಚಿಡಿ. ಬಿಸಿಯಾದರೆ ಐಸ್ ಇಡಿ." ಎಲ್ಲರಿಗೂ ಕಳಿಸಿ.

ರಿಪೇರಿ ಸರ್: ಯಾರಿಗೂ ಕಳಿಸಬೇಡಿ. ಥರ್ಮಾಕೋಲ್ ಉಜ್ಜಿದರೆ ಸಾವಿರಾರು ವೋಲ್ಟ್ ಸ್ಟ್ಯಾಟಿಕ್ ಹುಟ್ಟುತ್ತೆ. ಈ ಟ್ರಾನ್ಸಿಸ್ಟರಿನ ಗೇಟಿನ, ಅಂದರೆ ಅದನ್ನು ಆನ್ ಆಫ್ ಮಾಡೋ ತುದಿಯ, ಕೆಳಗೆ ಇರುವುದು ತೀರಾ ತೆಳು ಆಕ್ಸೈಡ್ ಪದರ. ಅದು ತೂತಾದರೆ ಐಸಿ ಮುಗೀತು. ಕರೆಂಟ್ ಹರಿಯುವ ಕಪ್ಪು ಫೋಮ್ ಇಲ್ಲಾ ಅಲ್ಯೂಮಿನಿಯಂ ಫಾಯಿಲ್ ಬಳಸಿ. ಕರೆಂಟ್ ಇರುವ ಬೋರ್ಡ್ ಮೇಲೆ ಐಸ್ ಇಡುತ್ತೀರಾ? ಓದಿ ನೋಡದೆ ಹಾಕಬೇಡಿ ಅಂತ ಎಷ್ಟು ಸಲ ಹೇಳಲಿ.

ಶಿಡ್ಲಘಟ್ಟ: ಹುಳು ಮನೆ ಥರ್ಮೋಸ್ಟಾಟ್ 3 ಡಿಗ್ರಿ ಜಾಸ್ತಿ ತೋರಿಸುತ್ತೆ. ಯಾಕೆ ಸರ್?

ಹಳೇ ರೇಡಿಯೋ ಮೆಕ್ಯಾನಿಕ್: ನಮ್ಮ ಕಾಲದ 7400 ಟಿಟಿಎಲ್ ಐಸಿ ಗಟ್ಟಿ, ಅದು ಸಿಮಾಸ್ ಅಲ್ಲ. ಇನ್‌ಪುಟ್ ಬಿಟ್ಟರೂ ಹೈ (ಪ್ಲಸ್) ಅಂತ ತಗೊಳ್ಳುತ್ತಿತ್ತು.

ಇಂಜಿನಿಯರಿಂಗ್ ವಿದ್ಯಾರ್ಥಿ: ಸುಮ್ನೆ ಕೂತಾಗಲೂ ಕರೆಂಟ್ ಕುಡಿಯುತ್ತಿತ್ತಲ್ಲ ಅಂಕಲ್. ಆ ಲೆಕ್ಕದಲ್ಲಿ ಮೊಬೈಲ್ ಮಾಡಿದ್ದರೆ ಜೇಬು ಸುಡುತ್ತಿತ್ತು.

ಹಳೇ ರೇಡಿಯೋ ಮೆಕ್ಯಾನಿಕ್: ನಿನ್ನ ಸಿಮಾಸ್ ಮೊಬೈಲ್ ಗೇಮ್ ಆಡಿದರೆ ಬಿಸಿಯಾಗಲ್ವಾ? ಕರೆಂಟೇ ಹರಿಯಲ್ಲ ಅಂದರಲ್ಲ ಸರ್!

ಇಂಜಿನಿಯರಿಂಗ್ ವಿದ್ಯಾರ್ಥಿ: ಥಿಯರಿ ಗೊತ್ತಿಲ್ಲದೆ ಮಾತಾಡಬೇಡಿ.

ಹಳೇ ರೇಡಿಯೋ ಮೆಕ್ಯಾನಿಕ್: ನಾನು ಬೆಸುಗೆ ಹಿಡಿದಾಗ ನೀನು ಹುಟ್ಟಿರಲಿಲ್ಲ ತಮ್ಮ.

ರಿಪೇರಿ ಸರ್: ಇಬ್ಬರೂ ಸಾಕು ಮಾಡಿ. ಯಜಮಾನರು ಕೇಳಿದ್ದು ಸರಿಯಾದ ಪ್ರಶ್ನೆ. "ಸುಮ್ನೆ ಕೂತಾಗ" ಅಂತ ಬರೆದಿದ್ದೇನೆ. ಪ್ರತಿ ಸಲ ಬದಲಾದಾಗ ಮುಂದಿನ ಗೇಟನ್ನು ತುಂಬಬೇಕು, ಖಾಲಿ ಮಾಡಬೇಕು. ಸೆಕೆಂಡಿಗೆ ಕೋಟಿಗಟ್ಟಲೆ ಸಲ ಆದರೆ ಬಿಸಿ ಬಂದೇ ಬರುತ್ತೆ. ವೋಲ್ಟೇಜ್ ಅರ್ಧ ಮಾಡಿದರೆ ಆ ಖರ್ಚು ಕಾಲು ಭಾಗಕ್ಕೆ ಇಳಿಯುತ್ತೆ. ಹೊಸ ಚಿಪ್ಪುಗಳು 1 ವೋಲ್ಟಿನ ಆಸುಪಾಸಿಗೆ ಬಂದಿದ್ದು ಅದಕ್ಕೇ. ತಮ್ಮ, ದೊಡ್ಡವರ ಜೊತೆ ಹಾಗೆ ಮಾತಾಡಬೇಡ.

ಗುಡಿಬಂಡೆ: ಸರ್, ಕಂಪ್ಯೂಟರ್ ಟೈಮ್ ಹಿಂದೆ ಹೋಗುತ್ತಿದೆ.

ರಿಪೇರಿ ಸರ್: ಮೇಲೆ ನೋಡಿ.

ಬಾಗೇಪಲ್ಲಿ: ಒಳ್ಳೇದಕ್ಕೇ ಹಾಕಿದ್ದು. ಇಷ್ಟು ಸಿಟ್ಟು ಬೇಕಾ?

ಚಿಂತಾಮಣಿ ರೈತ: ಸರ್, ರೆಸಿಸ್ಟರ್ ಹಾಕಿಸಿದೆ. ಐಸಿ ತಣ್ಣಗಿದೆ. ಕೈ ತಂದರೂ ರಿಲೇ ಸದ್ದಿಲ್ಲ. ಮೋಟಾರ್ ಹಾಕಲಾ?

ರಿಪೇರಿ ಸರ್: ಇವತ್ತು ಬೇಡ ಅಣ್ಣ. ಮೋಟಾರ್ ಬದಲು ರಿಲೇಗೆ ಒಂದು ಬಲ್ಬ್ ಕಟ್ಟಿ ರಾತ್ರಿಯೆಲ್ಲ ಬಿಡಿ. ಟ್ಯಾಂಕ್ ಅರ್ಧ ಖಾಲಿ ಇರಲಿ. ಬಲ್ಬ್ ತಾನಾಗಿ ಒಂದು ಸಲ ಮಿಣುಕಿದರೂ ಬೋರ್ಡಿನ ಎರಡೂ ಬದಿ ಫೋಟೋ ಹಾಕಿ.