ಸ್ಕಾಟ್ಲೆಂಡಿನಲ್ಲಿ ಹುಟ್ಟಿ ತೀರ್ಥಹಳ್ಳಿಗೆ ದತ್ತು ಮಗಳಾಗಿ ಬಂದವಳು ನಾನು. ಹೆತ್ತವರ ಕಡೆಯವರನ್ನು ಎಲ್ಲಿಂದ ಹುಡುಕಲು ಶುರು ಮಾಡಲಿ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಹುಟ್ಟಿದ್ದು 1970ರ ಜನವರಿಯಲ್ಲಿ, ಸ್ಕಾಟ್ಲೆಂಡಿನ ಡಂಡಿ ಊರಿನಲ್ಲಿ. ಅಪ್ಪಯ್ಯ ಆಗ ಅಲ್ಲಿ ಡಾಕ್ಟರ್. ಅಲ್ಲೇ ಮನೆ ಮಾಡಿ ನೆಲೆ ನಿಲ್ಲುವ ಯೋಚನೆ ಇತ್ತಂತೆ. ಅವರಿಗೆ ಮಕ್ಕಳಿರಲಿಲ್ಲ. ಆರು ವಾರದ ಕೂಸಾಗಿದ್ದ ನನ್ನನ್ನು ಮನೆಗೆ ತಂದು, ಆಮೇಲೆ ಅಲ್ಲಿನ ಶೆರಿಫ್ ಕೋರ್ಟಿನಲ್ಲಿ ದತ್ತು ತಗೊಂಡರು. ನನಗೆ ಏಳು ವರ್ಷ ಇದ್ದಾಗ ಅಜ್ಜ ತೀರಿಕೊಂಡರು. ತೋಟ ನೋಡುವವರು ಯಾರೂ ಇಲ್ಲ ಅಂತ ಎಲ್ಲ ಬಿಟ್ಟು ತೀರ್ಥಹಳ್ಳಿಗೆ ಬಂದೆವು. ಅಪ್ಪಯ್ಯ ಕೊನೆವರೆಗೂ ಅಲ್ಲೇ ದವಾಖಾನೆ ನಡೆಸಿದರು. ಈಗ ಅವರಿಲ್ಲ. ಅಮ್ಮನಿಗೆ ಎಂಬತ್ತಾರು, ನನ್ನ ಜೊತೆ ಶಿವಮೊಗ್ಗದಲ್ಲಿದ್ದಾರೆ.

ದತ್ತು ಅನ್ನುವುದನ್ನು ಅವರು ಯಾವತ್ತೂ ಮುಚ್ಚಿಡಲಿಲ್ಲ. ಹೆತ್ತವಳು ಹತ್ತೊಂಬತ್ತು ವರ್ಷದ ಸ್ಕಾಟಿಷ್ ಹುಡುಗಿ, ಮದುವೆ ಆಗಿರಲಿಲ್ಲ, ತಂದೆ ನಮ್ಮ ದೇಶದಿಂದ ಓದಲು ಹೋಗಿದ್ದ ಹುಡುಗ. ಅಮ್ಮನಿಗೆ ಗೊತ್ತಿದ್ದದ್ದು ಇಷ್ಟೇ. ಶಾಲೆಯಲ್ಲಿ ನನ್ನನ್ನು 'ಬೆಕ್ಕಿನ ಕಣ್ಣು' ಅಂತ ಕರೆಯುತ್ತಿದ್ದರು. ಅದು ಬಿಟ್ಟರೆ ನಾನು ಬೇರೆಯವಳು ಅಂತ ಯಾರೂ ಅನ್ನಿಸಿಲ್ಲ. ಅಜ್ಜಿಯಂತೂ ಎಲ್ಲ ಮೊಮ್ಮಕ್ಕಳಿಗಿಂತ ನನಗೇ ಜಾಸ್ತಿ ತುಪ್ಪ ಹಾಕುತ್ತಿದ್ದರು.

ಈಗ ಯಾಕೆ ಹುಡುಕಾಟ ಅಂದರೆ, ಮಗಳಿಗೆ ಹೆಣ್ಣು ಮಗು ಆಯಿತು. ನಾಮಕರಣದ ದಿನ ಮನೆ ತುಂಬ ಜನ. ಮೂಗು ಆ ಅತ್ತೆಯದು, ಹಣೆ ಈ ಮಾವನದು ಅಂತ ಮಗುವನ್ನು ಒಬ್ಬರ ಕೈಯಿಂದ ಒಬ್ಬರು ಎತ್ತಿಕೊಂಡು ಹೇಳುತ್ತಿದ್ದರು. ಕಣ್ಣು ನನ್ನದು ಅಂತ ಎಲ್ಲರೂ ಅಂದರು. ನನ್ನದು ಯಾರದ್ದು ಅಂತ ಹೇಳಲು ಅಲ್ಲಿ ಯಾರಿದ್ದರು? ರಾತ್ರಿ ಎಲ್ಲರೂ ಹೋದ ಮೇಲೆ ಅಮ್ಮ ಕಪಾಟಿನಿಂದ ಒಂದು ಲಕೋಟೆ ತಂದುಕೊಟ್ಟು "ನಾನಿರುವಾಗಲೇ ಹುಡುಕು ಮಗಾ" ಅಂದರು.

ಅದರಲ್ಲಿದ್ದದ್ದು ಮೂರು ಕಾಗದ. ಒಂದು, ಚಿಕ್ಕ ಜನನ ಪತ್ರ. ಹೆಸರು, ತಾರೀಕು, ಊರು ಬಿಟ್ಟರೆ ಏನೂ ಇಲ್ಲ. ಇನ್ನೊಂದು ದತ್ತು ಮಕ್ಕಳ ರಿಜಿಸ್ಟರಿನ ನಕಲು. ಅದರಲ್ಲಿ ಅಪ್ಪಯ್ಯ ಅಮ್ಮನ ಹೆಸರು, ಕೋರ್ಟು, ಆದೇಶದ ತಾರೀಕು ಇದೆ. ಮೂರನೆಯದು ಅಂಗೈ ಅಗಲದ ಒಂದು ಚೀಟಿ. ಮಗುವಿಗೆ ಹಾಲು ಕೊಡುವ ಹೊತ್ತು ಟೈಪ್ ಮಾಡಿದ್ದಾರೆ: ಆರು, ಹತ್ತು, ಎರಡು, ಮತ್ತೆ ಆರು, ಹತ್ತು. ಎಷ್ಟು ಚಮಚ ಪುಡಿ ಅಂತಲೂ ಇದೆ. ಅದರ ಕೆಳಗೆ ನೀಲಿ ಶಾಯಿಯಲ್ಲಿ ಯಾರೋ ಕೈಯಲ್ಲಿ ಬರೆದಿದ್ದಾರೆ: ಎಡಗಡೆ ಮಲಗಿಸಿದರೆ ಬೇಗ ನಿದ್ದೆ ಮಾಡುತ್ತಾಳೆ. ಅಕ್ಷರ ಗುಂಡಗಿದೆ, ಪೆನ್ನು ಒತ್ತಿ ಬರೆದ ಗುರುತು ಹಿಂದೆ ಕೈಗೆ ಸಿಗುತ್ತದೆ. ಯಾರು ಬರೆದದ್ದು ಅಂತ ಅಮ್ಮನಿಗೂ ಗೊತ್ತಿಲ್ಲ.

ನನ್ನ ಪ್ರಶ್ನೆಗಳು: ಶಿವಮೊಗ್ಗದಲ್ಲಿ ಕೂತು ಇದನ್ನೆಲ್ಲ ಮಾಡಬಹುದಾ? ಯಾವ ಕಾಗದ ಮೊದಲು ತರಿಸಬೇಕು? ಹೆತ್ತ ತಾಯಿ ಬದುಕಿದ್ದರೆ ಅವರಿಗೆ ಈಗ ಎಪ್ಪತ್ತೈದರ ಮೇಲೆ. ಗಂಡನಿಗೆ, ಮಕ್ಕಳಿಗೆ ನನ್ನ ವಿಷಯ ಹೇಳಿಲ್ಲದೆಯೂ ಇರಬಹುದು. ಅವರ ಸಂಸಾರ ಕಲಕದ ಹಾಗೆ ಹೇಗೆ ಹೋಗುವುದು? ಇನ್ನೊಂದು ಅಮ್ಮನ ಪ್ರಶ್ನೆ: ಹುಟ್ಟಿದ ಗಳಿಗೆ ಎಲ್ಲಾದರೂ ಸಿಗುತ್ತದಾ? ನನಗೆ ಜಾತಕ ಇಲ್ಲ. ಮದುವೆ ಹೊತ್ತಿಗೆ ಹೆಸರಿನ ಮೇಲೆ ನೋಡಿ ಸುಮ್ಮನಾಗಿದ್ದರು. ಅಮ್ಮನಿಗೆ ಅದೊಂದು ಕೊರಗು ಉಳಿದಿದೆ.

ಅಬರ್ಡೀನ್ ಕನ್ನಡಿಗ

ಅಕ್ಕ, ನಾನು ಸಾಗರದವನು, ಇಲ್ಲಿಗೆ ಬಂದು ಬಹಳ ವರ್ಷ ಆಯಿತು. ನನ್ನ ಮಾವನವರು ಇಲ್ಲಿಯವರೇ, ಅವರೂ ದತ್ತು ಮಗ. ಅವರ ಕಡೆಯವರನ್ನು ಹುಡುಕುವಾಗ ಈ ದಾರಿಯೆಲ್ಲ ನೋಡಿದ್ದೇನೆ.

ನೀವು ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ ಅನ್ನುವುದೇ ದೊಡ್ಡ ಅನುಕೂಲ. ಇಲ್ಲಿ 1930ರಲ್ಲಿ ದತ್ತು ಕಾನೂನು ಬಂದಾಗಿನಿಂದಲೇ, ದೊಡ್ಡವರಾದ ಮೇಲೆ ತಮ್ಮ ಮೂಲ ಜನನ ದಾಖಲೆ ನೋಡುವ ಹಕ್ಕು ದತ್ತು ಹೋದವರಿಗಿದೆ. ಇಂಗ್ಲೆಂಡಿನವರಿಗೆ ಆ ಹಕ್ಕು ಸಿಕ್ಕಿದ್ದು 1975ರ ಕಾನೂನಿನಿಂದ. ಈಗ ಇಲ್ಲಿ 16 ವರ್ಷ ತುಂಬಿದ್ದರೆ ಸಾಕು. ಅರ್ಜಿ ಹೋಗಬೇಕಾದದ್ದು ಎಡಿನ್‌ಬರೋದ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್‌ಗೆ, ಅಲ್ಲಿ ದತ್ತು ವಿಷಯಕ್ಕೇ ಒಂದು ವಿಭಾಗ ಇದೆ. ಗುರುತಿನ ದಾಖಲೆ ಬೇಕು. ಮದುವೆ ಆಗಿ ಹೆಸರು ಬದಲಾಗಿದ್ದರೆ ಅದಕ್ಕೂ ಪುರಾವೆ ಇಟ್ಟುಕೊಳ್ಳಿ. ನೀವು ಬರುವ ಅಗತ್ಯ ಇಲ್ಲ. ಕೌನ್ಸೆಲಿಂಗ್ ಬೇಕಿದ್ದರೆ ಸಿಗುತ್ತದೆ, ಕಡ್ಡಾಯ ಅಲ್ಲ.

ಮೂಲ ದಾಖಲೆಯಲ್ಲಿ ತಾಯಿಯ ಹೆಸರು, ಕೆಲಸ, ಆಗಿನ ವಿಳಾಸ ಇರುತ್ತದೆ. ಡಂಡಿ ಸೆಣಬಿನ ಊರು. ಬಂಗಾಳದ ಸೆಣಬು ಅಲ್ಲಿಗೆ ಹೋಗಿ ಚೀಲವಾಗುತ್ತಿತ್ತು, ಗಿರಣಿಗಳಲ್ಲಿ ಹೆಂಗಸರೇ ಜಾಸ್ತಿ. ಹಾಗಾಗಿ ಕೆಲಸದ ಜಾಗದಲ್ಲಿ ನೂಲುವವಳು, ನೇಯುವವಳು ಅಂತ ಕಂಡರೆ ಆಶ್ಚರ್ಯ ಇಲ್ಲ. ತಂದೆಯ ಹೆಸರು ಇರುವ ಸಂಭವ ಕಡಿಮೆ. ಮದುವೆ ಆಗದಿದ್ದರೆ, ಇಬ್ಬರೂ ಸೇರಿ ನೋಂದಾಯಿಸಿದರೆ ಮಾತ್ರ ಸಾಮಾನ್ಯವಾಗಿ ಅಪ್ಪನ ಹೆಸರು ಹಾಕುತ್ತಿದ್ದರು.

ಅಮ್ಮನ ಪ್ರಶ್ನೆಗೆ: ಸಿಗುತ್ತದೆ! ಸ್ಕಾಟ್ಲೆಂಡಿನ ಜನನ ರಿಜಿಸ್ಟರಿನಲ್ಲಿ ಹುಟ್ಟಿದ ಗಂಟೆ ನಿಮಿಷ ಬರೆಯುತ್ತಾರೆ. ಇಂಗ್ಲೆಂಡಿನಲ್ಲಿ ಅವಳಿ ಜವಳಿ ಆದರೆ ಮಾತ್ರ. ಇಲ್ಲಿ ಎಲ್ಲ ಮಕ್ಕಳಿಗೂ.

ಅದು ಬಂದ ಮೇಲೆ ಕೋರ್ಟಿನ ಫೈಲು ಕೇಳಿ. ದತ್ತು ಫೈಲುಗಳನ್ನು 100 ವರ್ಷ ಮುಚ್ಚಿಡುತ್ತಾರೆ, ಆದರೆ ದತ್ತು ಹೋದವರೇ ಕೇಳಿದರೆ ನೋಡಲು ಬಿಡುತ್ತಾರೆ. ಮಗುವಿನ ಹಿತ ನೋಡಲು ಕೋರ್ಟು ನೇಮಿಸಿದವರ ವರದಿ, ತಾಯಿ ಸಹಿ ಹಾಕಿದ ಒಪ್ಪಿಗೆ ಪತ್ರ, ಇಂಥವು ಅದರಲ್ಲಿ ಇರುತ್ತವೆ. ಕೆಲವು ಫೈಲು ತೆಳು, ಕೆಲವು ದಪ್ಪ.

ಇನ್ನು ವಂಶ. ತಾಯಿಯ ಹೆಸರು ಸಿಕ್ಕರೆ 'ಸ್ಕಾಟ್ಲೆಂಡ್ಸ್ ಪೀಪಲ್' ಅನ್ನುವ ಸರ್ಕಾರಿ ಜಾಲತಾಣದಲ್ಲಿ ಮನೆಯಲ್ಲೇ ಕೂತು ಹಿಂದಕ್ಕೆ ಹೋಗಬಹುದು. ಜನನದ ದಾಖಲೆ 100 ವರ್ಷ, ಮದುವೆಯದು 75, ಸಾವಿನದು 50 ವರ್ಷ ಕಳೆದ ಮೇಲೆ ಮೂಲ ಪುಟದ ಚಿತ್ರವೇ ಕಾಣುತ್ತದೆ. ಅದಕ್ಕಿಂತ ಹೊಸದಾದರೆ ಪ್ರತಿ ಆರ್ಡರ್ ಮಾಡಬೇಕು. ನಿಮ್ಮ ತಾಯಿಯ ಅಪ್ಪ ಅಮ್ಮನ ಮದುವೆ 1940ರ ದಶಕದಲ್ಲಿ ಆಗಿದ್ದರೆ ಆ ಪುಟ ಈಗಲೇ ಸಿಗಬಹುದು. ಇಲ್ಲಿಯ ದಾಖಲೆಗಳ ಸೊಗಸು ಏನೆಂದರೆ, ಮದುವೆಯ ಪತ್ರದಲ್ಲಿ ಗಂಡು ಹೆಣ್ಣು ಇಬ್ಬರ ಅಪ್ಪ ಅಮ್ಮನ ಹೆಸರೂ ಇರುತ್ತದೆ, ಅಮ್ಮನ ತವರಿನ ಮನೆತನದ ಹೆಸರು ಸಮೇತ. ಸಾವಿನ ಪತ್ರದಲ್ಲೂ ಹಾಗೇ. ಹೆಂಗಸರ ಕಡೆಯ ಎಳೆ ತುಂಡಾಗುವುದಿಲ್ಲ. ನಿಮ್ಮಂಥವರಿಗೆ ಬೇಕಾದದ್ದು ಅದೇ ಅಲ್ವಾ? ಹೀಗೆ ಹಿಡಿದುಕೊಂಡು 1855ರವರೆಗೆ ಹೋಗಬಹುದು. ಅದಕ್ಕೂ ಹಿಂದಿನದಕ್ಕೆ ಚರ್ಚಿನ ಪುಸ್ತಕಗಳು.

ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಗಾಬರಿ ಬೇಡ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಮೊದಲ ಮಗಳಿಗೆ ಅಮ್ಮನ ಅಮ್ಮನ ಹೆಸರು ಇಡುವುದು ಇಲ್ಲಿಯ ಹಳೆ ರೂಢಿ. ನಮ್ಮಲ್ಲೂ ಅಜ್ಜನ ಹೆಸರು ಮೊಮ್ಮಗನಿಗೆ ಇಡುತ್ತೇವಲ್ಲ, ಹಾಗೇ.

ಹೊಸನಗರ ಭಟ್ಟ

ಗಳಿಗೆ ಸಿಗುತ್ತದೆ ಅಂದಿದ್ದು ಓದಿ ಬರೆಯುತ್ತಿದ್ದೇನೆ. ತಾಯೀ, ಆ ಸಮಯವನ್ನು ಹಾಗೇ ಜಾತಕಕ್ಕೆ ಹಾಕಿಸಬೇಡಿ. ಬ್ರಿಟನ್ನಿನಲ್ಲಿ 1968ರ ಅಕ್ಟೋಬರಿನಿಂದ 1971ರ ಅಕ್ಟೋಬರಿನವರೆಗೆ ಚಳಿಗಾಲದಲ್ಲೂ ಗಡಿಯಾರವನ್ನು ಒಂದು ಗಂಟೆ ಮುಂದೆಯೇ ಇಟ್ಟಿದ್ದರು. ಚಳಿಗಾಲ ಅಂತ ಗ್ರೀನಿಚ್ ಸಮಯ ಹಿಡಿದರೆ ಒಂದು ಗಂಟೆ ತಪ್ಪಿ ಲಗ್ನವೇ ಬೇರೆ ಆಗಬಹುದು. ಆಗ ನಮಗೂ ಅವರಿಗೂ ವ್ಯತ್ಯಾಸ ನಾಲ್ಕೂವರೆ ಗಂಟೆ, ಐದೂವರೆ ಅಲ್ಲ.

ಇನ್ನೂ ಒಂದು. ಡಂಡಿ 56 ಡಿಗ್ರಿ ಉತ್ತರ ಅಕ್ಷಾಂಶ ದಾಟಿದ ಊರು. ಜನವರಿ ಮೊದಲ ವಾರಗಳಲ್ಲಿ ಆ ಗಡಿಯಾರದ ಪ್ರಕಾರ ಬೆಳಿಗ್ಗೆ ಒಂಬತ್ತೂವರೆ ದಾಟಿದ ಮೇಲೆ ಸೂರ್ಯೋದಯ. ನಮಗೆ ದಿನ ಶುರುವಾಗುವುದು ಸೂರ್ಯೋದಯಕ್ಕೆ. ನೀವು ಬೆಳಿಗ್ಗೆ ಒಂಬತ್ತು ಗಂಟೆಗೆ ಹುಟ್ಟಿದ್ದರೂ ಪಂಚಾಂಗದ ಲೆಕ್ಕದಲ್ಲಿ ಹಿಂದಿನ ದಿನದ ವಾರವೇ. ಗಳಿಗೆ ಬಂದಾಗ ಇಲ್ಲಿ ಹಾಕಿ, ಅಮ್ಮನಿಗಾಗಿ ನಾನೇ ಕೂತು ಬರೆದುಕೊಡುತ್ತೇನೆ. ದಕ್ಷಿಣೆ ಮಾತು ಬೇಡ.

ಭದ್ರಾವತಿ ಸಿಸ್ಟರ್

ನಾನು 1970ರ ದಶಕದಲ್ಲಿ ಗ್ಲಾಸ್ಗೋದಲ್ಲಿ ನರ್ಸ್ ಆಗಿದ್ದೆ. ಆ ಚೀಟಿ ವಿಷಯ ಓದಿ ಸುಮ್ಮನಿರಲು ಆಗಲಿಲ್ಲ.

ಮದುವೆಯಾಗದ ಹುಡುಗಿಯರನ್ನು ಹೆರಿಗೆಗೆ ಮುಂಚೆ ತಾಯಿ ಮಕ್ಕಳ ಆಶ್ರಮಕ್ಕೆ ಕಳಿಸುತ್ತಿದ್ದರು. ಹೆತ್ತ ಮೇಲೆ ವಾರಗಟ್ಟಲೆ ಮಗುವಿಗೆ ಹಾಲು, ಸ್ನಾನ, ಬಟ್ಟೆ ಎಲ್ಲ ಅವರೇ ಮಾಡುತ್ತಿದ್ದರು. ಕೊನೆಗೆ ಒಂದು ದಿನ ಮಗುವಿಗೆ ತಾವೇ ಹೆಣೆದ ಸ್ವೆಟರ್ ತೊಡಿಸಿ ಒಪ್ಪಿಸಬೇಕು. ಎಡಗಡೆ ಮಲಗಿಸಿದರೆ ನಿದ್ದೆ ಬರುತ್ತದೆ ಅನ್ನುವುದು ರಾತ್ರಿ ಎದ್ದು ಎತ್ತಿಕೊಂಡವರಿಗೆ ಮಾತ್ರ ಗೊತ್ತಿರುತ್ತದೆ. ಅದು ಆಶ್ರಮದ ಆಯಾ ಬರೆದದ್ದೂ ಇರಬಹುದು. ಕೋರ್ಟಿನ ಫೈಲಿನಲ್ಲಿ ಒಪ್ಪಿಗೆ ಪತ್ರದ ಸಹಿ ಸಿಕ್ಕರೆ ಪಕ್ಕದಲ್ಲಿಟ್ಟು ನೋಡಿ.

ಆ ಹುಡುಗಿಯರಲ್ಲಿ ಎಷ್ಟೋ ಜನ ಮನಸ್ಸಿನಿಂದ ಒಪ್ಪಿ ಕೊಟ್ಟವರಲ್ಲ. ಮನೆಯವರು, ಪಾದ್ರಿ, ಡಾಕ್ಟರ್, ಎಲ್ಲರೂ ಸೇರಿ ಒಪ್ಪಿಸಿದ್ದು. 2023ರ ಮಾರ್ಚ್ 22ರಂದು ಸ್ಕಾಟ್ಲೆಂಡಿನ ಆಗಿನ ಫಸ್ಟ್ ಮಿನಿಸ್ಟರ್ (ಅಲ್ಲಿಯ ಸರ್ಕಾರದ ಮುಖ್ಯಸ್ಥೆ) ನಿಕೊಲಾ ಸ್ಟರ್ಜನ್ ಈ ತಾಯಂದಿರ ಮತ್ತು ಮಕ್ಕಳ ಕ್ಷಮೆ ಕೇಳಿದರು, ಪಾರ್ಲಿಮೆಂಟಿನಲ್ಲಿ ನಿಂತು.

ಅವರ ಸಂಸಾರ ಕಲಕದ ಹಾಗೆ ಹೋಗಬೇಕು ಅಂದಿರಿ, ನಿಮ್ಮದು ದೊಡ್ಡ ಮನಸ್ಸು. ಎಡಿನ್‌ಬರೋದಲ್ಲಿ ಬರ್ತ್‌ಲಿಂಕ್ ಅಂತ ಒಂದು ಸಂಸ್ಥೆ ಇದೆ. 1984ರಿಂದ ಇಡೀ ಸ್ಕಾಟ್ಲೆಂಡಿನ ದತ್ತು ಸಂಪರ್ಕ ರಿಜಿಸ್ಟರ್ ನಡೆಸುತ್ತಿದೆ. ದತ್ತು ಹೋದವರೂ ಹೆಸರು ಕೊಡಬಹುದು, ಹೆತ್ತವರೂ ಬಂಧುಗಳೂ ಕೊಡಬಹುದು. ಎರಡೂ ಕಡೆಯವರು ಇದ್ದರೆ ಅವರೇ ಜೋಡಿಸುತ್ತಾರೆ. ಮೊದಲು ಅಲ್ಲಿ ಹೆಸರು ಕೊಡಿ. ಅವರು ಈಗಾಗಲೇ ಹೆಸರು ಕೊಟ್ಟು ಕಾಯುತ್ತಿದ್ದರೆ? ಇಲ್ಲದಿದ್ದರೂ ಮಧ್ಯಸ್ಥರ ಮೂಲಕವೇ ಹೋಗಿ. ಫೇಸ್‌ಬುಕ್ಕಿನಲ್ಲಿ ಹುಡುಕಿ ಅವರ ಮಕ್ಕಳಿಗೆ ಮೆಸೇಜ್ ಮಾಡುವುದು ಬೇಡವೇ ಬೇಡ.

ತೋಟದ ಮೇಷ್ಟ್ರು

ಡಿಎನ್‌ಎ ಪರೀಕ್ಷೆ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಎರಡು ಮಾತು. ತಾಯಿಯ ಕಡೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಸ್ಕಾಟಿಷ್ ಮೂಲದವರು ಕೆನಡಾ, ಆಸ್ಟ್ರೇಲಿಯಾ, ಅಮೆರಿಕ ಎಲ್ಲ ಕಡೆ ಪರೀಕ್ಷೆ ಮಾಡಿಸಿದ್ದಾರೆ. ಕಂಪನಿಯವರು ನಿಮ್ಮ ಡಿಎನ್‌ಎಯನ್ನು ಅವರದ್ದರ ಜೊತೆ ಹೋಲಿಸಿ, ಎಷ್ಟು ಹೊಂದುತ್ತದೆ ಅಂತ ಸೆಂಟಿಮಾರ್ಗನ್ ಅನ್ನುವ ಅಳತೆಯಲ್ಲಿ ಕೊಡುತ್ತಾರೆ, ಹೆಚ್ಚಿದ್ದಷ್ಟು ಹತ್ತಿರದ ನಂಟು. ಸರಾಸರಿ ನೋಡಿದರೆ ತಾಯಿ ಒಬ್ಬಳೇ, ತಂದೆ ಬೇರೆ ಆದ ಅಣ್ಣ ತಮ್ಮ, ಅಕ್ಕ ತಂಗಿ ಆದರೆ ಸುಮಾರು 1,700. ಚಿಕ್ಕಮ್ಮ, ಸೋದರಮಾವನ ಮಕ್ಕಳಾದರೆ ಸುಮಾರು 850. ತಂದೆಯ ಕಡೆ ಕಷ್ಟ, ನಮ್ಮ ದೇಶದವರು ಆ ಪಟ್ಟಿಗಳಲ್ಲಿ ಕಡಿಮೆ. ಆದರೂ ದಾಖಲೆಯಲ್ಲಿ ಅವರ ಹೆಸರಿಲ್ಲದಿದ್ದರೆ ಇದೊಂದೇ ದಾರಿ ಉಳಿಯಬಹುದು. ಕಿಟ್ ಇಲ್ಲಿಗೆ ಕಳಿಸುತ್ತಾರೋ ಇಲ್ಲವೋ ಕಂಪನಿಯನ್ನು ಕೇಳಿಯೇ ದುಡ್ಡು ಕಟ್ಟಿ. ಕಾಗದದ ಕೆಲಸ ಮುಗಿಸಿ ಆಮೇಲೆ ಇದಕ್ಕೆ ಕೈ ಹಾಕುವುದು ಒಳ್ಳೆಯದು. ಫಲಿತಾಂಶ ಬಂದ ದಿನವೇ ಅಲ್ಲಿ ಯಾರದೋ ಮೊಬೈಲಿನಲ್ಲಿ ನಿಮ್ಮ ಹೆಸರು ಕಾಣುತ್ತದೆ, ಆಗ ಮಧ್ಯಸ್ಥರಿಗೆ ಸಮಯವೇ ಇರುವುದಿಲ್ಲ.

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ಕೈ ಮುಗಿಯುತ್ತೇನೆ. ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಗಂಟೆ ನಿಮಿಷ ಸಿಗುತ್ತದೆ ಅಂದಾಗ ಎದ್ದು ಕೂತರು. ಭಟ್ಟರೇ, ನಿಮ್ಮ ಉತ್ತರವನ್ನು ಎರಡು ಸಲ ಓದಿಸಿಕೊಂಡರು. ಆ ಚಳಿಗಾಲ ಬೆಳಿಗ್ಗೆ ಅಪ್ಪಯ್ಯ ಡ್ಯೂಟಿಗೆ ಹೋಗುವಾಗ ಬೀದಿದೀಪ ಉರಿಯುತ್ತಲೇ ಇರುತ್ತಿತ್ತು ಅಂತ ನೆನಪು ಮಾಡಿಕೊಂಡರು.

ಸಿಸ್ಟರ್ ಬರೆದದ್ದನ್ನು ಓದುವಾಗ ನಡುವೆ ನನಗೆ ನಿಲ್ಲಿಸಬೇಕಾಯಿತು. ಅಮ್ಮ ಮಾತ್ರ "ಸ್ವೆಟರ್ ಇತ್ತು, ಬಿಳಿದು, ಮಣಿಯ ಗುಂಡಿ. ನಿನಗೆ ಚಿಕ್ಕದಾದ ಮೇಲೂ ಬಿಸಾಡಲಿಲ್ಲ, ಇಲ್ಲಿಯ ಮಳೆಗಾಲದಲ್ಲಿ ಬೂಷ್ಟು ಹಿಡಿದು ಹೋಯಿತು" ಅಂದರು. ಇಷ್ಟು ವರ್ಷದಲ್ಲಿ ಇದನ್ನು ಅವರು ಹೇಳಿರಲೇ ಇಲ್ಲ.

ಎಡಿನ್‌ಬರೋಗೆ ಅರ್ಜಿ ತುಂಬುತ್ತಿದ್ದೇನೆ, ಬರ್ತ್‌ಲಿಂಕ್‌ಗೂ ಬರೆಯುತ್ತೇನೆ. ಡಿಎನ್‌ಎ ಸದ್ಯಕ್ಕೆ ಬೇಡ, ಮೇಷ್ಟ್ರು ಹೇಳಿದ್ದು ಸರಿ ಕಂಡಿತು.

ಅಬರ್ಡೀನಿನವರೇ, ಒಂದು ಕೇಳುವುದಿದೆ. ಅಮ್ಮ ತಾನೂ ಒಂದು ಪತ್ರ ಬರೆಯುತ್ತೇನೆ ಅಂತ ಹಟ ಹಿಡಿದಿದ್ದಾರೆ. ಮಗು ಚೆನ್ನಾಗಿ ಬೆಳೆಯಿತು, ಓದಿತು, ಈಗ ಅಜ್ಜಿ ಆಗಿದ್ದಾಳೆ ಅಂತ ಆಕೆಗೆ ತಿಳಿಯಬೇಕು, ಅದನ್ನು ಹೇಳಬೇಕಾದವಳು ನಾನು ಅನ್ನುತ್ತಾರೆ. ಸಾಕಿದ ತಾಯಿಯ ಪತ್ರವನ್ನು ನನ್ನ ಅರ್ಜಿಯ ಜೊತೆ ಇಟ್ಟರೆ ತಗೊಳ್ಳುತ್ತಾರಾ? ಅಥವಾ ಆ ಕಡೆಯವರು ಸಿಕ್ಕಿ, ಒಪ್ಪಿದ ಮೇಲೆ ಕಳಿಸಬೇಕಾ?