ಕಣಕಾಲಿನ ಕೀಲಿಗೆ ಸ್ಟೀರಾಯ್ಡ್ ಚುಚ್ಚುಮದ್ದು: ಸೂಜಿ ಎಲ್ಲಿಂದ ಹೋಗಬೇಕು?

ಪ್ರಶ್ನೆ (ಮೂಳೆರೋಗ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿ):
ಮಂಡಿಯ ಕೀಲಿಗೆ ಚುಚ್ಚುಮದ್ದು ಕೊಡುವುದು ನನಗೆ ಕೈಗೆ ಹತ್ತಿದೆ. ಆದರೆ ಕಣಕಾಲಿನ ಕೀಲಿಗೆ ಕೊಡುವಾಗ ಎರಡು ಸಲವೂ ಸೂಜಿ ಮೂಳೆಗೆ ತಾಗಿ ನಿಂತಿತು, ರೋಗಿ ನೋವಿನಿಂದ ಕಾಲು ಸೆಳೆದುಕೊಂಡರು. ಅಲ್ಟ್ರಾಸೌಂಡ್ ಇಲ್ಲದಿರುವಾಗ ಸರಿಯಾದ ಜಾಗವನ್ನು ಗುರುತಿಸುವ ಬಗೆಯನ್ನು ದಯವಿಟ್ಟು ತಿಳಿಸಿ.

ಉತ್ತರ 1 (ಮೂಳೆ ಶಸ್ತ್ರಚಿಕಿತ್ಸಕ):
ಸೂಜಿ ಹಿಡಿಯುವ ಮೊದಲು ಹೆಬ್ಬೆರಳಿನಿಂದ ಹುಡುಕಿ. ರೋಗಿಯನ್ನು ಮಲಗಿಸಿ ಪಾದವನ್ನು ಮೇಲಕ್ಕೆಳೆಯಲು ಹೇಳಿದರೆ ಪಾದವನ್ನು ಮೇಲೆತ್ತುವ ಟಿಬಿಯಾಲಿಸ್ ಆಂಟೀರಿಯರ್ ಸ್ನಾಯುವಿನ ರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ) ಹಗ್ಗದಂತೆ ಎದ್ದು ಕಾಣುತ್ತದೆ. ಅದಕ್ಕೂ ಒಳಹರಡಿನ ಮೂಳೆಗೂ (ಕಣಕಾಲಿನ ಒಳಬದಿಯ ಉಬ್ಬು) ನಡುವೆ, ಟಿಬಿಯಾದ (ಮೊಣಕಾಲಿನ ಕೆಳಗಿನ ದಪ್ಪ ಮೂಳೆ) ಕೆಳ ಅಂಚಿನ ಮಟ್ಟದಲ್ಲಿ, ಬೆರಳು ಒಂದು ತಗ್ಗಿಗೆ ಇಳಿಯುತ್ತದೆ. ಪಾದವನ್ನು ಮೆಲ್ಲಗೆ ಆಡಿಸಿದಾಗ ಬೆರಳಿನಡಿ ಟಾಲಸ್ ಮೂಳೆ (ಟಿಬಿಯಾದ ಕೆಳಗೆ ಕೀಲಿನಲ್ಲಿ ಕೂರುವ ಪಾದದ ಮೂಳೆ) ಹೊರಳುವುದು ತಿಳಿಯಬೇಕು. ಅಲ್ಲಿ ಪೆನ್ನಿನ ಮುಚ್ಚಳವನ್ನು ಒತ್ತಿ ಗುರುತು ಮಾಡಿ, ಏಕೆಂದರೆ ಚರ್ಮ ಒರೆಸುವಾಗ ಶಾಯಿ ಅಳಿಸಿಹೋದರೂ ಒತ್ತಿದ ಗುಳಿ ಸ್ವಲ್ಪ ಹೊತ್ತು ಉಳಿಯುತ್ತದೆ.

ಪಾದವನ್ನು ತುಸು ಕೆಳಕ್ಕೆ ಬಾಗಿಸಿದರೆ ಕೀಲಿನ ಮುಂಭಾಗ ತೆರೆದುಕೊಳ್ಳುತ್ತದೆ. ಸೂಜಿ ಸ್ನಾಯುರಜ್ಜುವಿನ ಒಳಮಗ್ಗುಲಿನಲ್ಲೇ ಹೊಕ್ಕು, ಹಿಂದಕ್ಕೂ ಸ್ವಲ್ಪ ಹೊರಕ್ಕೂ ಸಾಗಲಿ. ಹರಡಿನ ಪಕ್ಕಕ್ಕೆ ಸರಿದರೆ ಸಫೀನಸ್ ಸಿರೆ ಸಿಗುತ್ತದೆ. ಪಾದದ ನಟ್ಟನಡುವಿಗೆ ಹೋದರೆ ಧಮನಿಯೂ ಡೀಪ್ ಪೆರೋನಿಯಲ್ ನರವೂ ಇವೆ.

ಉತ್ತರ 2 (ಸಂಧಿವಾತ ತಜ್ಞೆ):
ಜಾಗದಷ್ಟೇ ಕೈಗೆ ಸಿಗುವ ಒತ್ತಡವೂ ಮುಖ್ಯ. ಕೀಲಿನೊಳಗೆ ಸೇರಿದ ಸೂಜಿಯಿಂದ ಔಷಧಿ ಸಲೀಸಾಗಿ ಇಳಿಯುತ್ತದೆ. ಸಿರಿಂಜ್ ಬಿಗಿದರೆ ಬಲ ಹಾಕದೆ ಸೂಜಿಯನ್ನು ಸ್ವಲ್ಪ ಹಿಂದೆಳೆಯಿರಿ, ಏಕೆಂದರೆ ಸ್ನಾಯುರಜ್ಜುವಿನೊಳಗೆ ಸ್ಟೀರಾಯ್ಡ್ ಹೋದರೆ ರಜ್ಜುವೇ ಹರಿದು ತುಂಡಾಗುವ ಅಪಾಯವಿದೆ. ನಾನು ಸಾಮಾನ್ಯವಾಗಿ 40 ಮಿ.ಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಅನ್ನು 1 ಮಿ.ಲೀ. ಲಿಡೊಕೇಯ್ನ್ (ಮರಗಟ್ಟಿಸುವ ಔಷಧಿ) ಜೊತೆ ಕೊಡುತ್ತೇನೆ. ಔಷಧಿ ಬಿಡುವ ಮೊದಲು ಸಿರಿಂಜ್‌ನ ಹಿಡಿಯನ್ನು ಹಿಂದಕ್ಕೆಳೆದು ನೋಡಿ. ಮಬ್ಬಾದ ದ್ರವ ಬಂದರೆ ಸ್ಟೀರಾಯ್ಡ್ ಕೊಡದೆ ದ್ರವವನ್ನು ಪರೀಕ್ಷೆಗೆ ಕಳುಹಿಸಬೇಕು. ಸೋಂಕಿರುವ ಕೀಲಿಗೆ ಸ್ಟೀರಾಯ್ಡ್ ಹಾಕುವುದು ಅಕ್ಷಮ್ಯ ತಪ್ಪು.

ಮಧುಮೇಹ ಇರುವವರಿಗೆ ಕೆಲವು ದಿನ ರಕ್ತದ ಸಕ್ಕರೆ ಏರಬಹುದೆಂದೂ, ಮೊದಲ ಒಂದೆರಡು ದಿನ ನೋವು ಹೆಚ್ಚಾಗಬಹುದೆಂದೂ, ಚುಚ್ಚಿದೆಡೆ ಚರ್ಮ ಬಿಳಿಚಿಕೊಳ್ಳಬಹುದೆಂದೂ ಮುಂಚೆಯೇ ಹೇಳಿ ಒಪ್ಪಿಗೆ ಪಡೆಯಿರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ಸಲವೂ ನಾನು ಪಾದವನ್ನು ನೆಟ್ಟಗೆ ಮೇಲ್ಮುಖವಾಗಿಯೇ ಹಿಡಿಸಿದ್ದೆ. ಹೊರಮಗ್ಗುಲಿನಿಂದ ಕೊಡುವ ಸಂದರ್ಭವೂ ಇದೆಯೇ?

ಉತ್ತರ 1:
ಇದೆ. ಒಳಮಗ್ಗುಲಿನ ಚರ್ಮದಲ್ಲಿ ಹುಣ್ಣಿದ್ದರೆ ನಾನು ಹೊರಮಗ್ಗುಲನ್ನೇ ಆರಿಸಿಕೊಳ್ಳುತ್ತೇನೆ. ಅಲ್ಲಿ ಸೂಪರ್‌ಫಿಶಿಯಲ್ ಪೆರೋನಿಯಲ್ ನರದ ಕವಲು ಚರ್ಮದಡಿಯೇ ಹಾಯುತ್ತದೆ. ಪಾದವನ್ನು ಕೆಳಕ್ಕೂ ಒಳಕ್ಕೂ ತಿರುಗಿಸಿದರೆ ಹಲವರಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಅದನ್ನು ಗುರುತಿಸಿಕೊಂಡ ಮೇಲೆಯೇ ಚುಚ್ಚಿ.