ಸಹಾಯ ಬೇಕು: ರಾತ್ರಿ ಡೈಪರ್ ಲೀಕ್, ಎಮ್ ಬಿಟ್ಟು ಎಲ್ ತಗೊಳ್ಲಾ?

ನಮಸ್ಕಾರ ಎಲ್ರಿಗೂ, ನನ್ ಮಗನಿಗೆ ಈಗ ಎಂಟು ತಿಂಗಳು, ತೂಕ 9.4 ಕೆಜಿ. ಇಷ್ಟು ದಿನ ಎಮ್ ಸೈಜ್ ಪ್ಯಾಂಟ್ ಡೈಪರ್ ಹಾಕ್ತಿದ್ವಿ ಏನೂ ತೊಂದ್ರೆ ಇರ್ಲಿಲ್ಲ, ಆದ್ರೆ ಮಗುಚಿ ಬೀಳೋಕೆ ಶುರು ಮಾಡಿದ್ಮೇಲೆ ಬೋರಲು ಮಲಗ್ತಾನೆ, ಬೆಳಗಿನ ಜಾವ ನೋಡಿದ್ರೆ ಹೊಟ್ಟೆ ಹತ್ರ ಬನಿಯನ್, ಬೆಡ್‌ಶೀಟು ಎಲ್ಲಾ ಒದ್ದೆ, ಹಿಂದ್ಗಡೆ ಮಾತ್ರ ಒಣಗೇ ಇರುತ್ತೆ! ತೊಡೆ ಸುತ್ತ ಎಲಾಸ್ಟಿಕ್ ಕೂತ ಕೆಂಪು ಗೆರೆನೂ ಇದೆ.

ಪ್ಯಾಕೆಟ್ ಮೇಲೆ ಎಮ್ 7ರಿಂದ 12 ಕೆಜಿ, ಎಲ್ 9ರಿಂದ 14 ಕೆಜಿ ಅಂತಿದೆ, ಇವನು ಎರಡಕ್ಕೂ ಸೇರ್ತಾನೆ, ಇದೇ ತಲೆನೋವು. ಎಲ್ ತಗೊಂಡ್ರೆ ತೊಡೆ ಹತ್ರ ಲೂಸಾಗಿ ಅಲ್ಲಿಂದ ಲೀಕಾಗುತ್ತಾ? ಕಾಲಿನ ಹತ್ರ ಇರೋ ನೆರಿಗೆ ಒಳಗೆ ಮಡಚಿದ್ರೂ ಸೋರುತ್ತಂತೆ, ಅದನ್ನ ಬೆರಳಲ್ಲಿ ಹೊರಗೆ ಎಳೆದೇ ಹಾಕ್ತಿದೀನಿ, ಆದ್ರೂ ಅಷ್ಟೇ.

ಅತ್ತೆ ಹಳೇ ಪಂಚೆ ಹರಿದು ಲಂಗೋಟಿ ಕಟ್ಟು ಅಂತಾರೆ. ಬೇಸಿಗೆ ಆಗಿದ್ರೆ ಸರಿ, ಮಡಿಕೇರಿ ಮಳೇಲಿ ಲಂಗೋಟಿ ಒಣಗ್ಸೋದು ಯಾರು, ಒಲೆ ಮೇಲಿನ ಹಗ್ಗದಲ್ಲಿ ಮೂರು ದಿನ ನೇತಾಡಿದ್ರೂ ತಂಪು ಹೋಗಲ್ಲ, ಹೊಗೆ ವಾಸ್ನೆ ಬೇರೆ. ಹಾಗಾಗಿ ರಾತ್ರಿಗೆ ಡೈಪರೇ ಬೇಕು.

ಗಂಡು ಮಕ್ಕಳ ಅಮ್ಮಂದಿರು ಹೇಳಿ, ರಾತ್ರಿ ಮಾತ್ರ ಎಲ್ ಹಾಕಿ ಹಗಲು ಎಮ್ ಮುಗಿಸ್ಬೋದಾ? ಅಂಟಿಸೋ ಟೇಪ್ ಡೈಪರ್ ಬೋರಲು ಮಲಗೋ ಮಕ್ಕಳಿಗೆ ನಿಲ್ಲುತ್ತಾ? ಎಮ್ಮಿನ ದೊಡ್ಡ ಪ್ಯಾಕ್ ಇನ್ನೂ ಅರ್ಧ ಇದೆ, ಅದೇ ಹೊಟ್ಟೆ ಉರಿ 😅